ಎರಡು ಬೆರಳಿನ ಜಾಗ

ದಾವಣಗೆರೆಯಲ್ಲಿ ಸಾಕುನಾಯಿಗಳ ಸಾಮಾನು ಮಾರುವ ಅಂಗಡಿಗಳಿಗೆ ಈಗ ಬರವಿಲ್ಲ. ಒಳಗೆ ಕಾಲಿಟ್ಟರೆ ಒಂದು ಗೋಡೆ ಪೂರ್ತಿ ಬೆಲ್ಟುಗಳದ್ದೇ. ಬಣ್ಣಬಣ್ಣದ ನೈಲಾನ್ ಪಟ್ಟಿಗಳು, ಹಿತ್ತಾಳೆ ಬಕ್ಕಲಿನ ಚರ್ಮದ ಪಟ್ಟಿಗಳು, ಎರಡು ತುದಿಗೂ ಬಳೆಯಿರುವ ಉಕ್ಕಿನ ಚೋಕ್ ಚೈನುಗಳು, ಒಳಮುಖವಾಗಿ ಹಲ್ಲು ಚಾಚಿದ ಮುಳ್ಳಿನ ಪಟ್ಟಿಗಳು. ಗಾಜಿನ ಕಪಾಟಿನಲ್ಲಿ, ಬಟನ್ ಒತ್ತಿದರೆ ಕೊರಳಿಗೆ ವಿದ್ಯುತ್ ಆಘಾತ ಕೊಡುವ, ರಿಮೋಟ್ ಸಮೇತ ಎಲೆಕ್ಟ್ರಾನಿಕ್ ಕಾಲರ್. ಗಿರಾಕಿ ಬಂದು "ನಾಯಿ ತುಂಬಾ ಎಳೆಯುತ್ತದೆ" ಎನ್ನುತ್ತಾರೆ. "ಯಾವ ತಳಿ?" ಎಂಬ ಪ್ರಶ್ನೆ ಬರುತ್ತದೆ. ಉತ್ತರ ಸಿಕ್ಕ ಕೂಡಲೇ ಒಂದು ಬೆಲ್ಟು ಗೋಡೆಯಿಂದ ಇಳಿದು ಮೇಜಿನ ಮೇಲೆ ಕೂರುತ್ತದೆ. ಕುತ್ತಿಗೆಯ ಸುತ್ತಳತೆ ಎಷ್ಟು, ತಲೆ ಎಷ್ಟು ಅಗಲ, ವಯಸ್ಸೆಷ್ಟು, ದಿನಕ್ಕೆ ಎಷ್ಟು ಹೊತ್ತು ಕಟ್ಟಿಹಾಕುತ್ತೀರಿ ಎಂಬ ಮಾತೇ ಬರುವುದಿಲ್ಲ. ಕೊಳ್ಳುವವರೂ ಆ ಮಾತು ತೆಗೆಯುವುದಿಲ್ಲ. ಬೆಲ್ಟು ಹಾಕಿಸಿಕೊಳ್ಳಬೇಕಾದ ನಾಯಿ ಮನೆಯಲ್ಲೇ ಇರುತ್ತದೆ.

ಹಾಗೆ ಕೊಂಡ ಬೆಲ್ಟುಗಳನ್ನು ನಾನು ಬೆಳಗಿನ ಹೊತ್ತು ಕುಂದುವಾಡ ಕೆರೆಯ ಏರಿಯ ಮೇಲೆ ನೋಡುತ್ತೇನೆ. ನಾಯಿ ತರಬೇತಿ ನನ್ನ ಕಸುಬಲ್ಲ. ಆದರೆ ನಮ್ಮ ಮನೆಯಲ್ಲಿ ನಾಯಿ ಇಲ್ಲದ ಕಾಲವೇ ನನಗೆ ನೆನಪಿಲ್ಲ, ಅವುಗಳ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತೇನೆ, ನಾಯಿಯೊಂದಿಗೆ ಜಗ್ಗಾಡುತ್ತಾ ನಡೆಯುವವರನ್ನು ಕಂಡರೆ ನಿಂತು ಮಾತನಾಡಿಸುತ್ತೇನೆ. ಬಹಳ ಜನ ಕೇಳುವುದು ಒಂದೇ: ಎಷ್ಟು ಬಿಗಿ ಹಾಕಬೇಕು? ನಾನು ಹೇಳುವುದು ಎಷ್ಟು ಸಡಿಲ ಬಿಡಬೇಕು ಎಂಬುದನ್ನು. ಬೆಲ್ಟು ಯಾವುದೇ ಇರಲಿ, ನಾಯಿ ಕಲಿಯುವುದು ಅದು ಬಿಗಿದಾಗ ಅಲ್ಲ, ಸಡಿಲವಾದಾಗ. ಇದನ್ನು ಬಿಡಿಸಿ ಹೇಳಬೇಕಾದರೆ ಕುತ್ತಿಗೆಯಿಂದಲೇ ಶುರು ಮಾಡಬೇಕು.

ನಾಯಿಯ ಕುತ್ತಿಗೆ ಗಟ್ಟಿಯಾದದ್ದು, ಎಷ್ಟು ಜಗ್ಗಿದರೂ ಏನೂ ಆಗುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಕೈಯಿಟ್ಟು ನೋಡಿದರೆ ಆ ನಂಬಿಕೆ ಉಳಿಯುವುದಿಲ್ಲ. ಗಂಟಲ ಕೆಳಗೆ ನಿಧಾನವಾಗಿ ಬೆರಳಾಡಿಸಿ. ಚರ್ಮದ ಅಡಿಯಲ್ಲೇ ಶ್ವಾಸನಾಳದ ಏರಿಳಿತ ಸಿಗುತ್ತದೆ. ಅದು ಮೃದ್ವಸ್ಥಿಯ ಅರೆಬಳೆಗಳಿಂದ ಆದ ಕೊಳವೆ, ಬೆನ್ನಿನ ಕಡೆ ಆ ಬಳೆಗಳು ಕೂಡಿಕೊಂಡಿರುವುದಿಲ್ಲ. ಅದರ ಎರಡು ಮಗ್ಗುಲಿಗೆ ಥೈರಾಯ್ಡ್ ಗ್ರಂಥಿ, ತಲೆಯಿಂದ ರಕ್ತ ಇಳಿಸುವ ದೊಡ್ಡ ಅಭಿಧಮನಿಗಳು, ನರಗಳು. ಪಾಮೇರಿಯನ್‌ನಂಥ ಚಿಕ್ಕ ನಾಯಿಗಳಲ್ಲಿ ಆ ಅರೆಬಳೆಗಳು ಬಲಗುಂದಿ ಶ್ವಾಸನಾಳ ಚಪ್ಪಟೆಯಾಗುವ ಕಾಯಿಲೆ ಸಾಮಾನ್ಯ. ಬೆಲ್ಟು ಜಗ್ಗಿದೊಡನೆ ಬಾತುಕೋಳಿ ಕೂಗಿದ ಹಾಗೆ ಕೆಮ್ಮು ಬಂದರೆ ಪಶುವೈದ್ಯರಿಗೆ ತೋರಿಸಲೇಬೇಕು. ನಮ್ಮ ಊರಿನಲ್ಲಿ ಪಾಮೇರಿಯನ್ ಇಲ್ಲದ ಬೀದಿಯೇ ಇಲ್ಲ. ಆ ಪುಟ್ಟ ನಾಯಿಗಳನ್ನು ಕುತ್ತಿಗೆಯ ಪಟ್ಟಿಯಲ್ಲೇ ಎತ್ತಿದಂತೆ ಜಗ್ಗಿ ರಸ್ತೆ ದಾಟಿಸುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಪಗ್‌ನಂಥ ಮೊಟಕು ಮೂತಿಯ ನಾಯಿಗಳಿಗೆ ಉಸಿರಾಟವೇ ಮೊದಲಿನಿಂದ ಕಷ್ಟ. ಇವೆರಡಕ್ಕೂ ಎದೆಗೆ ಹಾಕುವ ಹಾರ್ನೆಸ್ ಬಿಟ್ಟು ಬೇರೆ ಯೋಚನೆಯೇ ಬೇಡ.

2006ರಲ್ಲಿ ಅಮೆರಿಕದ ಪಶುವೈದ್ಯರು ಒಂದು ಅಳತೆ ಮಾಡಿದರು. ನಾಯಿ ಕುತ್ತಿಗೆಯ ಪಟ್ಟಿಗೆ ಎದುರಾಗಿ ಎಳೆಯುವಾಗ ಕಣ್ಣಿನೊಳಗಿನ ಒತ್ತಡ ಏರುತ್ತದೆ, ಹಾರ್ನೆಸ್‌ನಲ್ಲಿ ಎಳೆದರೆ ಹಾಗೆ ಏರುವುದಿಲ್ಲ ಎಂದು ಕಂಡುಬಂತು. 2020ರಲ್ಲಿ ಬ್ರಿಟನ್ನಿನ ಸಂಶೋಧಕರು ಕೃತಕ ಕುತ್ತಿಗೆಯೊಂದನ್ನು ಮಾಡಿ ಹಲವು ಬಗೆಯ ಪಟ್ಟಿಗಳನ್ನು ಹಾಕಿ ಜಗ್ಗಿದರು. ಮೆತ್ತೆ ಹೊಲಿದ ಪಟ್ಟಿಯೂ ಸೇರಿದಂತೆ, ಜಗ್ಗಿದಾಗ ಗಾಯದ ಭಯವೇ ಇಲ್ಲ ಎನ್ನಬಹುದಾದ ಪಟ್ಟಿ ಒಂದೂ ಸಿಗಲಿಲ್ಲ. ಹಾಗಾಗಿ ಅಂಗಡಿಯಲ್ಲಿ "ಇದು ಸಾಫ್ಟ್, ಏನೂ ಆಗುವುದಿಲ್ಲ" ಎಂದು ಕೊಟ್ಟ ಬೆಲ್ಟಿಗೂ ಜಗ್ಗುವ ಕೈಯಿಂದ ವಿನಾಯಿತಿ ಇಲ್ಲ.

ಈಗ ಅಳತೆಯ ವಿಷಯ. ಸಾಮಾನ್ಯ ಬಕ್ಕಲ್ ಬೆಲ್ಟಿಗೆ ಲೋಕವೆಲ್ಲ ಒಪ್ಪಿದ ಅಳತೆ ಎರಡು ಬೆರಳು. ತೋರುಬೆರಳು, ನಡುಬೆರಳು ಜೋಡಿಸಿ ಪಟ್ಟಿಯ ಅಡಿಗೆ ತೂರಿಸಬೇಕು. ಸಲೀಸಾಗಿ ಹೋಗಬೇಕು, ಆದರೆ ಇನ್ನೊಂದು ಬೆರಳಿಗೆ ಜಾಗ ಇರಬಾರದು. ತೀರಾ ಚಿಕ್ಕ ನಾಯಿಗೆ ಒಂದೇ ಬೆರಳು. ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿ ಹೊಲಿಗೆಯ ಟೇಪಿನಲ್ಲಿ ಕುತ್ತಿಗೆ ಅಳೆದುಕೊಳ್ಳಿ. ಟೇಪು ಇಲ್ಲದಿದ್ದರೆ ದಾರ ಸುತ್ತಿ ಸ್ಕೇಲಿನ ಮೇಲೆ ಹಿಡಿಯಿರಿ. ನಾಯಿ ನಿಂತಿರುವಾಗ ಅಳೆಯಬೇಕು, ಕುಳಿತಾಗ ಕುತ್ತಿಗೆಯ ಮಡಿಕೆಗಳು ಲೆಕ್ಕ ತಪ್ಪಿಸುತ್ತವೆ. ಕೂದಲು ಹೆಚ್ಚಿರುವ ನಾಯಿಯಾದರೆ ಕೂದಲನ್ನು ಬಿಡಿಸಿ, ಬೆರಳು ಚರ್ಮಕ್ಕೆ ತಾಗಿದ್ದನ್ನು ಖಚಿತ ಮಾಡಿಕೊಳ್ಳಬೇಕು. ನಮ್ಮ ಸೀಮೆಯ ರೈತರಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ. ಹೊಲದಿಂದ ಬಂದ ಎತ್ತಿನ ನೊಗ ಇಳಿಸಿದ ಮೇಲೆ ಹೆಗಲು ಉಜ್ಜಿದೆಯೇ, ಕೊರಳಪಟ್ಟಿ ಒತ್ತಿದೆಯೇ ಎಂದು ಕೈಯಾಡಿಸಿ ನೋಡುವವರು ಅವರು. ಅದೇ ಕೈ ಕೊಟ್ಟಿಗೆಯ ಬಾಗಿಲಲ್ಲಿ ಕಟ್ಟಿದ ನಾಯಿಯ ಕೊರಳಿಗೂ ಒಮ್ಮೆ ಹೋಗಲಿ ಎಂಬುದಷ್ಟೇ ನನ್ನ ಕೋರಿಕೆ.

ಮರಿಗಳ ವಿಷಯದಲ್ಲಂತೂ ವಾರಕ್ಕೊಮ್ಮೆ ಬೆರಳು ತೂರಿಸಿ ನೋಡಲೇಬೇಕು. ನಿಟುವಳ್ಳಿಯ ಕಡೆ ಒಂದು ಗ್ಯಾರೇಜಿನ ಹುಡುಗರು ಬೀದಿಮರಿಯೊಂದಕ್ಕೆ ನೈಲಾನ್ ಹಗ್ಗ ಕಟ್ಟಿದ್ದರು. ಪ್ರೀತಿಯಿಂದ ಕಟ್ಟಿದ್ದೇ, ರಸ್ತೆಗೆ ಓಡಬಾರದು, ಕಾರ್ಪೊರೇಷನ್‌ನವರು ಹಿಡಿಯಬಾರದು ಎಂದು. ಮರಿ ಬೆಳೆಯಿತು, ಹಗ್ಗ ಬೆಳೆಯಲಿಲ್ಲ. ನಾನು ನೋಡುವ ಹೊತ್ತಿಗೆ ಹಗ್ಗ ಕಣ್ಣಿಗೆ ಬೀಳುತ್ತಿರಲಿಲ್ಲ. ಕುತ್ತಿಗೆಯ ಸುತ್ತ ಕೂದಲು ಅಂಟಂಟಾಗಿ ಒಂದು ಗೆರೆ, ಬಳಿ ಕುಳಿತರೆ ಕೊಳೆತ ವಾಸನೆ, ಮರಿ ತಲೆಯನ್ನು ಒಂದೇ ಕಡೆಗೆ ವಾಲಿಸಿ ನಿಲ್ಲುತ್ತಿತ್ತು. ಪಶುವೈದ್ಯರು ಅರಿವಳಿಕೆ ಕೊಟ್ಟು, ಕೂದಲು ಕತ್ತರಿಸಿ, ಮೊಂಡು ತುದಿಯ ಕತ್ತರಿಯನ್ನು ಚರ್ಮದ ಸೀಳಿನೊಳಗೆ ಇಳಿಸಿ ಹಗ್ಗವನ್ನು ತುಂಡು ಮಾಡಿದರು. ಹೊರಗೆ ಬಂದ ಹಗ್ಗ ಹಸಿರು ಬಣ್ಣದ್ದು ಎಂದು ಆಗ ಗೊತ್ತಾಯಿತು. ಅದು ಬಿಟ್ಟುಹೋದ ಕೆಂಪು ಬಳೆಯೊಳಗೆ ನನ್ನ ಕಿರುಬೆರಳು ಕೂರುವಷ್ಟು ಆಳವಿತ್ತು. ಮರಿ ಬದುಕಿತು. ಆ ಹುಡುಗರೇ ದಿನಾ ಗಾಯ ತೊಳೆದು ಔಷಧ ಹಚ್ಚಿದರು. ಬೀದಿಮರಿಗಳಿಗೆ ದಾರ, ರಿಬ್ಬನ್, ವೈರು ಕಟ್ಟುವ ಎಲ್ಲರಿಗೂ ಇದನ್ನು ಹೇಳುತ್ತಲೇ ಇರುತ್ತೇನೆ: ಪ್ರತಿ ವಾರ ಬಿಚ್ಚಿ ಕಟ್ಟಲು ನೀವು ಇರುವುದಿಲ್ಲ ಎಂದಾದರೆ ಕಟ್ಟಲೇಬೇಡಿ.

ಬಿಗಿಯ ಅಪಾಯ ಹೀಗಾದರೆ, ಸಡಿಲ ಮಿತಿ ಮೀರಿದರೆ ಬೇರೆಯೇ ತೊಂದರೆ. ಮುಧೋಳ ನಾಯಿಯನ್ನು ಇಟ್ಟುಕೊಂಡವರಿಗೆ ಇದು ಚೆನ್ನಾಗಿ ಗೊತ್ತು. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಹೊರತಂದ ದೇಶಿ ನಾಯಿಗಳ ಅಂಚೆಚೀಟಿಗಳಲ್ಲಿ ನಮ್ಮ ಮುಧೋಳವೂ ಒಂದು. ಉದ್ದ ಮೂತಿ, ಕಿರಿದಾದ ತಲೆ, ಸ್ನಾಯು ತುಂಬಿದ ನೀಳ ಕುತ್ತಿಗೆ. ತಲೆಗಿಂತ ಕುತ್ತಿಗೆಯೇ ದಪ್ಪ ಎಂಬಂತಿರುವ ಈ ಬೇಟೆನಾಯಿಗಳು ಒಂದು ಹೆಜ್ಜೆ ಹಿಂದಕ್ಕೆ ಸರಿದು ತಲೆ ತಗ್ಗಿಸಿದರೆ ಬಕ್ಕಲ್ ಬೆಲ್ಟು ಕಿವಿಯ ಮೇಲಿಂದ ಜಾರಿ ನಿಮ್ಮ ಕೈಯಲ್ಲಿ ಉಳಿಯುತ್ತದೆ, ನಾಯಿ ಬೈಪಾಸ್ ರಸ್ತೆಯಲ್ಲಿರುತ್ತದೆ. ದೀಪಾವಳಿಯ ದಿನಗಳಲ್ಲಿ ಊರಿನಲ್ಲಿ ತಪ್ಪಿಸಿಕೊಳ್ಳುವ ನಾಯಿಗಳನ್ನು ನೆನೆಸಿಕೊಳ್ಳಿ. ಪಟಾಕಿಯ ಸದ್ದಿಗೆ ಬೆಚ್ಚಿ ಹಿಂದಕ್ಕೆ ಜಗ್ಗಿದ ನಾಯಿಯ ಕೊರಳಿನಿಂದ ಬೆಲ್ಟು ಕಳಚಿದರೆ ಅದನ್ನು ಆ ರಾತ್ರಿ ಹಿಡಿಯುವುದು ಯಾರಿಂದಲೂ ಆಗದು.

ಇಂಥ ನಾಯಿಗಳಿಗೆಂದೇ ಇರುವುದು ಮಾರ್ಟಿಂಗೇಲ್ ಎಂಬ ಪಟ್ಟಿ. ಕೊರಳನ್ನು ಸುತ್ತುವ ಒಂದು ದೊಡ್ಡ ಉಂಗುರ, ಅದರ ಎರಡು ತುದಿಗಳನ್ನು ಹಿಡಿದಿರುವ ಒಂದು ಚಿಕ್ಕ ಉಂಗುರ; ಹಗ್ಗ ಸಿಕ್ಕಿಸುವುದು ಚಿಕ್ಕದಕ್ಕೆ. ಎಳೆದಾಗ ದೊಡ್ಡದು ಕಿರಿದಾಗುತ್ತದೆ, ಆದರೆ ಕೊರಳಿನ ಅಳತೆಗೆ ಬಂದು ನಿಲ್ಲುತ್ತದೆ, ಅದಕ್ಕಿಂತ ಒಳಗೆ ಹೋಗುವುದಿಲ್ಲ. ಹೊಂದಿಸುವ ಬಗೆ ಹೀಗೆ: ಪಟ್ಟಿಯನ್ನು ಪೂರ್ತಿ ಎಳೆದು ಹಿಡಿದಾಗ ಎರಡು ತುದಿಯ ಬಳೆಗಳ ನಡುವೆ ಎರಡು ಬೆರಳಿನಷ್ಟು ಅಂತರ ಉಳಿಯಬೇಕು. ಬಳೆಗಳು ಒಂದಕ್ಕೊಂದು ತಾಗಿದರೆ ಪಟ್ಟಿ ಸಡಿಲವಾಗಿದೆ, ನಾಯಿ ಕಳಚಿಕೊಳ್ಳುತ್ತದೆ. ಮನೆಗೆ ಬಂದ ಮೇಲೆ ಇದನ್ನು ತೆಗೆದಿಡಬೇಕು, ಕಿಟಕಿಯ ಸರಳಿಗೋ ಗೇಟಿನ ಕೊಂಡಿಗೋ ಸಿಕ್ಕಿಕೊಳ್ಳುವ ಭಯ ಇದೆ. ತರಬೇತಿಯ ಹೆಸರಿನಲ್ಲಿ ಮಾರುವ ಪಟ್ಟಿಗಳಲ್ಲಿ ನಾನು ಮನಸಾರೆ ಒಪ್ಪುವುದು ಇದೊಂದನ್ನೇ, ಅದೂ ನಾಯಿ ಕಳಚಿಕೊಳ್ಳಬಾರದು ಎಂಬ ಕಾರಣಕ್ಕೆ.

ಚೋಕ್ ಚೈನಿನ ಕಥೆ ಹಳೆಯದು. ಹಿಂದಿನ ಶತಮಾನದ ಆರಂಭದಲ್ಲಿ ಜರ್ಮನಿಯ ಕೊನ್ರಾಡ್ ಮೋಸ್ಟ್ ಪೊಲೀಸ್ ನಾಯಿಗಳ ತರಬೇತಿಗೆ ಒಂದು ಕ್ರಮ ಹಾಕಿಕೊಟ್ಟ. ಒತ್ತಾಯ, ಅದಕ್ಕೆ ಮಣಿದರೆ ಬಿಡುಗಡೆ ಮತ್ತು ಮೆಚ್ಚುಗೆ. ಎರಡು ಮಹಾಯುದ್ಧಗಳ ಎಷ್ಟೋ ನಾಯಿಗಳು ಆ ಬಗೆಯ ಕ್ರಮದಲ್ಲೇ ಪಳಗಿದವು, ಆಮೇಲೆ ಅದು ಮನೆಯ ನಾಯಿಗಳಿಗೂ ಬಂತು. ನಮ್ಮ ಅಂಗಡಿಗಳ ಗೋಡೆಗೂ ಬಂತು, ಆದರೆ ಅರ್ಧ ಮಾತ್ರ. ಒತ್ತಾಯ ಬಂತು, ಬಿಡುಗಡೆ ಬರಲಿಲ್ಲ.

ಯಾಕೆಂದರೆ ಚೋಕ್ ಚೈನನ್ನು ಹಾಕುವ ರೀತಿಯೇ ಬಹಳಷ್ಟು ಜನರಿಗೆ ಗೊತ್ತಿಲ್ಲ. ಒಂದು ಬಳೆಯನ್ನು ಹಿಡಿದು, ಸರಪಳಿಯನ್ನು ಅದೇ ಬಳೆಯೊಳಗೆ ಇಳಿಬಿಟ್ಟರೆ ಕುಣಿಕೆ ಆಗುತ್ತದೆ. ನಾಯಿ ನಿಮ್ಮ ಎಡಕ್ಕೆ ನಡೆಯುವುದಾದರೆ, ನಾಯಿಗೆ ಎದುರಾಗಿ ನಿಂತು ಆ ಕುಣಿಕೆಯನ್ನು ಇಂಗ್ಲಿಷಿನ ಪಿ ಅಕ್ಷರದ ಆಕಾರದಲ್ಲಿ ಹಿಡಿದು ತಲೆಗೆ ತೊಡಿಸಬೇಕು. ಆಗ ಹಗ್ಗ ಸಿಕ್ಕಿಸುವ ಬಳೆಯ ಸರಪಳಿ ಕುತ್ತಿಗೆಯ ಮೇಲಿನಿಂದ ಹಾದು ಬರುತ್ತದೆ. ಕೈ ಸಡಿಲಿಸಿದೊಡನೆ ಸರಪಳಿ ತನ್ನ ಭಾರಕ್ಕೇ ಜಾರಿ ಬಿಚ್ಚಿಕೊಳ್ಳುತ್ತದೆ, ಆ ಸಣ್ಣ ಝಣಕಾರ ಕಿವಿಗೂ ಕೇಳುತ್ತದೆ. ತಿರುವುಮುರುವಾಗಿ ತೊಡಿಸಿದರೆ ಆ ಭಾಗ ಗಂಟಲ ಕೆಳಗಿನಿಂದ ಬರುತ್ತದೆ. ಆಗ ಕೈ ಸಡಿಲಿಸಿದರೂ ಸರಪಳಿ ಅಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ಉದ್ದವೂ ಹಾಗೆಯೇ: ಕುತ್ತಿಗೆಯ ಸುತ್ತಳತೆಗಿಂತ ಎರಡು ಅಂಗುಲದಷ್ಟು, ಅಂದರೆ ಸುಮಾರು 5 ಸೆಂಟಿಮೀಟರ್ ಹೆಚ್ಚಿರಬೇಕು. ತೀರಾ ಉದ್ದವಾದರೆ ಭುಜದವರೆಗೆ ಜೋತುಬಿದ್ದು ಹಗ್ಗ ಸಡಿಲವಾದದ್ದು ನಾಯಿಗೆ ತಿಳಿಯುವುದೇ ಇಲ್ಲ.

ಕೆರೆಯ ಏರಿಯ ಮೇಲೆ ನಾನು ನೋಡುವ ಚೋಕ್ ಚೈನುಗಳಲ್ಲಿ ತಿರುವುಮುರುವಾದವೇ ಹೆಚ್ಚು. ನಾಯಿಯ ಕಡೆಯಿಂದ ಯೋಚಿಸಿ. ಎಳೆದಾಗ ಬಿಗಿಯಿತು. ಎಳೆಯುವುದನ್ನು ನಿಲ್ಲಿಸಿದೆ, ಆದರೂ ಬಿಗಿಯೇ ಇದೆ. ಹಾಗಾದರೆ ನಿಲ್ಲಿಸಿ ಸಿಕ್ಕಿದ್ದೇನು? ಮತ್ತೆ ಎಳೆಯುತ್ತದೆ, ಯಾಕೆಂದರೆ ಮುಂದೆ ಕನಿಷ್ಠ ಹುಲ್ಲಿನ ವಾಸನೆಯಾದರೂ ಇದೆ. ಮಾಲೀಕರು "ಇದಕ್ಕೆ ಎಷ್ಟು ಜಗ್ಗಿದರೂ ಬುದ್ಧಿ ಬರುವುದಿಲ್ಲ" ಎಂದು ಇನ್ನಷ್ಟು ದಪ್ಪನೆಯ ಸರಪಳಿ ತರುತ್ತಾರೆ. ನಾಯಿಯ ಬುದ್ಧಿಗೆ ಏನೂ ಆಗಿಲ್ಲ. ಅದಕ್ಕೆ ಉತ್ತರ ಸಿಗುತ್ತಿಲ್ಲ, ಅಷ್ಟೇ. ಹಗ್ಗ ಸಡಿಲವಾಗುವುದೇ ನಾಯಿಗೆ ನಾವು ಕೊಡುವ ಉತ್ತರ, ಅದು ಒಂದು ಸೆಕೆಂಡಿನೊಳಗೆ ಸಿಗಬೇಕು. ಎಳೆದಂತೆ ಉದ್ದವಾಗುವ, ಬಟನ್ ಒತ್ತಿದರೆ ನಿಲ್ಲುವ, ಸ್ಪ್ರಿಂಗ್ ಇರುವ ಹಗ್ಗಗಳು ಈಚೆಗೆ ಬಹಳ ಬಂದಿವೆ. ಅವುಗಳ ತೊಂದರೆಯೂ ಇದೇ. ಸ್ಪ್ರಿಂಗ್ ಯಾವಾಗಲೂ ಹಿಂದಕ್ಕೆ ಎಳೆಯುತ್ತಿರುತ್ತದೆ, ಎಳೆದರಷ್ಟೇ ಹಗ್ಗ ಉದ್ದವಾಗುತ್ತದೆ, ನಾಯಿ ಎಳೆಯುವುದನ್ನೇ ಕಲಿಯುತ್ತದೆ.

ಮುಳ್ಳಿನ ಪಟ್ಟಿಯ ಬಗ್ಗೆ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ: ಬೇಡ. ಹಿಮಾಲಯದ ಕುರಿಗಾಹಿಗಳು ತಮ್ಮ ನಾಯಿಗಳಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ತೊಡಿಸುತ್ತಾರೆ. ಆ ಮುಳ್ಳುಗಳು ಹೊರಮುಖವಾಗಿರುತ್ತವೆ, ಚಿರತೆ ಕುತ್ತಿಗೆಗೆ ಬಾಯಿ ಹಾಕಿದರೆ ನಾಯಿ ಉಳಿಯಲಿ ಎಂದು. ನಾವು ಕೊಳ್ಳುವ ಪಟ್ಟಿಯಲ್ಲಿ ಮುಳ್ಳು ಒಳಮುಖವಾಗಿದೆ. ಇದನ್ನು ಬಳಸುವ ಪರಿಣತರು ಕಿವಿಯ ಹಿಂದೆ, ಕುತ್ತಿಗೆಯ ತುದಿಯಲ್ಲಿ, ಜಾರದಂತೆ ಕೂರಿಸುತ್ತಾರೆ. ಕೊಂಡಿಗಳನ್ನು ಕಳಚಿ ಅಳತೆ ಹೊಂದಿಸುತ್ತಾರೆ, ತಲೆಯ ಮೇಲಿಂದ ತೂರಿಸುವುದಿಲ್ಲ, ಪಟ್ಟಿ ಬಿಚ್ಚಿಹೋದರೆ ಇರಲಿ ಎಂದು ಇನ್ನೊಂದು ಸಾದಾ ಬೆಲ್ಟು ಜೊತೆಗೆ ಹಾಕುತ್ತಾರೆ, ಪಾಠ ಮುಗಿದ ಕೂಡಲೇ ತೆಗೆಯುತ್ತಾರೆ. ನಮ್ಮ ಬೀದಿಗಳಲ್ಲಿ ಕಾಣುವುದು ರಾಟ್‌ವೈಲರ್‌ನ ಭುಜದ ಮೇಲೆ ಹಾರದ ಹಾಗೆ ಇಳಿಬಿದ್ದ, ದಿನವಿಡೀ ಕೊರಳಲ್ಲೇ ಇರುವ ಪಟ್ಟಿ. ಅಗ್ಗದ ಪಟ್ಟಿಗಳಲ್ಲಿ ಹಲ್ಲಿನ ತುದಿಯನ್ನು ಉಜ್ಜಿ ನಯ ಮಾಡಿರುವುದೂ ಇಲ್ಲ. ಈ ಪಟ್ಟಿಗಳಿಗೆ ಹೆಸರಾದ ಕಂಪನಿ ಇರುವ ಜರ್ಮನಿಯೇ 2022ರ ಜನವರಿ 1ರಿಂದ ನಾಯಿ ತರಬೇತಿಯಲ್ಲಿ ಇವುಗಳ ಬಳಕೆಯನ್ನು ನಿಷೇಧಿಸಿದೆ.

ಎಲೆಕ್ಟ್ರಾನಿಕ್ ಕಾಲರ್ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು. ಆನ್‌ಲೈನ್‌ನಲ್ಲಿ ಇದು ಸುಲಭವಾಗಿ ಸಿಗುತ್ತದೆ, ಬಳಸುವವರಿಗೆ ಒಳಗಿನ ಕೆಲಸ ಗೊತ್ತಿರುವುದಿಲ್ಲ. ಪಟ್ಟಿಯಲ್ಲಿ ಒಂದು ಪೆಟ್ಟಿಗೆ, ಅದರಿಂದ ಹೊರಚಾಚಿದ ಎರಡು ಲೋಹದ ಮೊಳೆಗಳು. ಇವೆರಡೂ ಚರ್ಮಕ್ಕೆ ತಾಗಿದಾಗ ಮಾತ್ರ ವಿದ್ಯುತ್ ಹರಿಯುತ್ತದೆ. ಪಟ್ಟಿ ಸಡಿಲವಿದ್ದರೆ ಅಥವಾ ಕೂದಲು ದಟ್ಟವಿದ್ದರೆ ಒಮ್ಮೆ ತಾಗುತ್ತದೆ, ಒಮ್ಮೆ ಇಲ್ಲ. ಮಾಲೀಕರು ರಿಮೋಟಿನ ಬಟನ್ ಒತ್ತುತ್ತಾರೆ, ನಾಯಿಗೆ ಏನೂ ಆಗುವುದಿಲ್ಲ. ಆಘಾತದ ಅಂಕಿ ಏರಿಸುತ್ತಾರೆ, ಇನ್ನೂ ಏರಿಸುತ್ತಾರೆ. ಅಷ್ಟರಲ್ಲಿ ನಾಯಿ ತಲೆ ತಿರುಗಿಸಿ ಮೊಳೆಗಳು ಸರಿಯಾಗಿ ಕೂತುಬಿಟ್ಟರೆ ಆ ಏರಿಸಿದ ಅಷ್ಟೂ ಒಮ್ಮೆಗೇ ಬಡಿಯುತ್ತದೆ. ನಾಯಿ ಒದ್ದೆಯಾಗಿದ್ದರೂ ಲೆಕ್ಕವೆಲ್ಲ ಬದಲಾಗುತ್ತದೆ. ಇದಕ್ಕೆ ಹೆದರಿ ಪಟ್ಟಿಯನ್ನು ಬಿಗಿದು, ಗಂಟೆಗಟ್ಟಲೆ ಹಾಗೇ ಬಿಟ್ಟರೆ ಮೊಳೆಗಳು ಒತ್ತಿದ ಜಾಗದಲ್ಲಿ ರಕ್ತಸಂಚಾರ ನಿಂತು ಹುಣ್ಣಾಗುತ್ತದೆ. ಎರಡು ತೂತುಗಳ ಆ ಹುಣ್ಣನ್ನು ವಿದ್ಯುತ್ತಿನಿಂದ ಸುಟ್ಟ ಗಾಯ ಎಂದು ಎಷ್ಟೋ ಜನ ತಿಳಿಯುತ್ತಾರೆ. ಬಹುಪಾಲು ಅದು ಬರೀ ಒತ್ತಡದ ಗಾಯ. ಈಗಾಗಲೇ ಇದನ್ನು ಬಳಸುತ್ತಿರುವವರು ಮಾಡಲೇಬೇಕಾದದ್ದು ಇಷ್ಟು: ಒಂದೆರಡು ಗಂಟೆಗೊಮ್ಮೆ ಮೊಳೆಗಳ ಜಾಗ ಬದಲಿಸುವುದು, ಪ್ರತಿದಿನ ಕೂದಲು ಬಿಡಿಸಿ ಚರ್ಮ ನೋಡುವುದು, ಕೆಂಪು ಕಂಡರೆ ಅಂದೇ ನಿಲ್ಲಿಸುವುದು, ಈ ಪಟ್ಟಿಗೆ ಎಂದೂ ಹಗ್ಗ ಸಿಕ್ಕಿಸದಿರುವುದು, ರಾತ್ರಿ ತೆಗೆದಿಡುವುದು.

ಚರ್ಮದ ಗಾಯಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ನಾಯಿ ಅದರಿಂದ ಏನು ಅರ್ಥ ಮಾಡಿಕೊಳ್ಳುತ್ತದೆ ಎಂಬುದು. ಗೇಟಿನ ಹೊರಗೆ ಪಕ್ಕದ ಮನೆಯ ಮಗು ನಿಂತಿದೆ, ನಾಯಿ ಬೊಗಳಿತು, ಬಟನ್ ಒತ್ತಿದಿರಿ. ಬೊಗಳಿದ್ದಕ್ಕೆ ನೋವಾಯಿತು ಎಂದು ನೀವು ಅಂದುಕೊಂಡಿರಿ. ನಾಯಿ ನೋಡುತ್ತಿದ್ದದ್ದು ಮಗುವನ್ನು. ಆ ಮಗು ಬಂದರೆ ಕುತ್ತಿಗೆಯಲ್ಲಿ ನೋವು ಹುಟ್ಟುತ್ತದೆ ಎಂದು ಅದು ಕಲಿತರೆ ಮುಂದೆ ಆಗುವುದನ್ನು ನಾನು ಬರೆಯಬೇಕಿಲ್ಲ. ಬೊಗಳಿದೊಡನೆ ತಾನಾಗಿಯೇ ಕೆಲಸ ಮಾಡುವ ಕಾಲರ್‌ಗಳು ಇನ್ನೂ ಅಪಾಯಕಾರಿ. ಪಟಾಕಿಯ ಭಯಕ್ಕೆ ಬೊಗಳುವ ನಾಯಿಗೆ ದೀಪಾವಳಿಯ ರಾತ್ರಿ ಅದನ್ನು ತೊಡಿಸುವುದೆಂದರೆ ಹೆದರಿದ್ದಕ್ಕೇ ಹೊಡೆಯುವುದು. ದಯವಿಟ್ಟು ಹಾಗೆ ಮಾಡಬೇಡಿ.

"ಆದರೆ ಕೆಲಸವಂತೂ ಆಗುತ್ತದಲ್ಲ?" ಎಂದು ಕೇಳುವವರಿಗೆ ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಹೇಳುತ್ತೇನೆ. 63 ನಾಯಿಗಳು, ಮೂರು ಗುಂಪು. ಒಂದಕ್ಕೆ ಎಲೆಕ್ಟ್ರಾನಿಕ್ ಕಾಲರ್ ಬಳಸುವುದರಲ್ಲಿ ನುರಿತವರೇ ಅದನ್ನು ಬಳಸಿ ಕಲಿಸಿದರು. ಇನ್ನೊಂದಕ್ಕೆ ಅದೇ ತರಬೇತುದಾರರು ಅದಿಲ್ಲದೆ ಕಲಿಸಿದರು. ಮೂರನೆಯದಕ್ಕೆ ಬಹುಮಾನ ಕೊಟ್ಟು ಕಲಿಸುವವರು ಕಲಿಸಿದರು. ಕರೆದಾಗ ಬರುವುದರಲ್ಲಿ, ಕೂರು ಎಂದಾಗ ಕೂರುವುದರಲ್ಲಿ ಬಹುಮಾನದ ಗುಂಪಿನ ನಾಯಿಗಳೇ ಮುಂದಿದ್ದವು. ಕಾಲರ್‌ನಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ವೇಲ್ಸ್ 2010ರಲ್ಲೇ ವಿದ್ಯುತ್ ಆಘಾತದ ಕಾಲರ್‌ಗಳನ್ನು ನಿಷೇಧಿಸಿತ್ತು. ಪ್ರಾಣಿಗಳ ವರ್ತನೆಯ ಬಗ್ಗೆ ಕೆಲಸ ಮಾಡುವ ಅಮೆರಿಕದ ಪಶುವೈದ್ಯರ ಸಂಘ 2021ರಲ್ಲಿ ಎಲ್ಲ ನಾಯಿಗಳಿಗೂ ಬಹುಮಾನ ಕೊಟ್ಟು ಕಲಿಸುವ ವಿಧಾನವನ್ನಷ್ಟೇ ಶಿಫಾರಸು ಮಾಡಿತು.

ಡಾಲ್ಫಿನ್‌ಗಳ ಉದಾಹರಣೆ ನನಗೆ ಬಹಳ ಇಷ್ಟ. ಕರೆನ್ ಪ್ರಯರ್ ಎಂಬ ಮಹಿಳೆ 1960ರ ದಶಕದಲ್ಲಿ ಹವಾಯಿಯಲ್ಲಿ ಡಾಲ್ಫಿನ್‌ಗಳಿಗೆ ಕಲಿಸುತ್ತಿದ್ದರು. ಡಾಲ್ಫಿನ್‌ಗೆ ಬೆಲ್ಟು ಹಾಕಲಾಗದು, ಜಗ್ಗಲಾಗದು, ಬೇಸರವಾದರೆ ಅದು ಕೊಳದ ಆಚೆ ದಡಕ್ಕೆ ಈಜಿಹೋಗುತ್ತದೆ. ಆಕೆಯ ಬಳಿ ಇದ್ದದ್ದು ಒಂದು ಸಿಳ್ಳೆ, ಒಂದು ಬಕೆಟ್ ಮೀನು. ಸರಿಯಾದದ್ದನ್ನು ಮಾಡಿದ ಆ ಕ್ಷಣಕ್ಕೆ ಸಿಳ್ಳೆ, ಹಿಂದೆಯೇ ಮೀನು. ಮುಂದೆ ಅದೇ ವಿಧಾನ ನಾಯಿಗಳಿಗೂ ಬಂತು. ಅಂಥ ಕಡಲಪ್ರಾಣಿಗೂ ಕೊರಳಪಟ್ಟಿ ಇಲ್ಲದೆ ಹೇಳಿಕೊಡಬಹುದಾದರೆ, ನಮ್ಮ ಕಾಲ ಬಳಿಯೇ ಇರಲು ಹಂಬಲಿಸುವ ನಾಯಿಗೆ ಯಾಕಾಗದು? ನಮ್ಮ ಜಿಲ್ಲೆಯ ಪೊಲೀಸ್ ಶ್ವಾನದಳದ ತುಂಗಾ ಎಂಬ ಡಾಬರ್ಮನ್ 2020ರಲ್ಲಿ ಚನ್ನಗಿರಿ ತಾಲ್ಲೂಕಿನ ಕೊಲೆ ಪ್ರಕರಣವೊಂದರಲ್ಲಿ ಸುಮಾರು 12 ಕಿಲೋಮೀಟರ್ ವಾಸನೆ ಹಿಡಿದು ಓಡಿದ್ದು ದೇಶವೆಲ್ಲ ಸುದ್ದಿಯಾಯಿತು. ಅಷ್ಟು ದೂರ ಒಂದು ನಾಯಿಯನ್ನು ಜಗ್ಗಿಕೊಂಡು ಹೋಗುವುದಿರಲಿ, ಅಟ್ಟಿಕೊಂಡು ಹೋಗಲೂ ಯಾರಿಗೂ ಸಾಧ್ಯವಿಲ್ಲ. ಮುಂದೆ ಓಡುವ ನಾಯಿಗೆ ಆ ಕೆಲಸದಲ್ಲಿ ಆಸೆಯಿರಬೇಕು.

ನಮ್ಮ ಬೀದಿಯ ಹಿರಿಯರೊಬ್ಬರ ಮನೆಯಲ್ಲಿ ಒಂದು ಲ್ಯಾಬ್ರಡಾರ್ ಇದೆ, ಹೆಸರು ಭೀಮ. ವರ್ಷ ತುಂಬುವ ಮೊದಲೇ ಮೂವತ್ತು ಕಿಲೋ ತೂಗುತ್ತಿತ್ತು. "ತಂಗಿ, ಇದರ ಕೊರಳಿಗೆ ಏನು ಹಾಕಿದರೂ ಅಷ್ಟೇ. ನನ್ನ ಭುಜ ಕಿತ್ತು ಬರುತ್ತದೆ. ಆ ಮುಳ್ಳಿನದ್ದು ತರಲೇ?" ಎಂದು ಕೇಳಿದರು. "ದೊಡ್ಡಪ್ಪಾ, ಸ್ವಲ್ಪ ದಿನ ಚೈನು ಮನೆಯಲ್ಲೇ ಇರಲಿ. ನಾನು ಒಂದು ಹಾರ್ನೆಸ್ ತರುತ್ತೇನೆ, ನೀವು ಒಂದು ಚಪಾತಿ ತನ್ನಿ" ಎಂದೆ.

ಹಾರ್ನೆಸ್‌ನಲ್ಲೂ ಆಯ್ಕೆ ಇದೆ. ಹಗ್ಗ ಸಿಕ್ಕಿಸುವ ಬಳೆ ಬೆನ್ನ ಮೇಲಷ್ಟೇ ಇದ್ದರೆ ನಾಯಿ ಮೈಯ ಬಲವನ್ನೆಲ್ಲ ಹಾಕಿ ಎಳೆಯುತ್ತದೆ. ಎದೆಯ ಮುಂದೆ ಬಳೆ ಇದ್ದರೆ ಎಳೆದಾಗ ಮೈ ಪಕ್ಕಕ್ಕೆ ತಿರುಗಿ ಎಳೆತ ತಾನಾಗಿ ತಗ್ಗುತ್ತದೆ. ಭುಜದ ಕೀಲಿಗೆ ಅಡ್ಡ ಬರದಂತೆ, ಮುಂಗಾಲಿನ ಸಂದಿಯಿಂದ ಹಿಂದಕ್ಕೆ ಸರಿದಿರುವಂತೆ ಪಟ್ಟಿಗಳನ್ನು ಹೊಂದಿಸಬೇಕು. ಇಲ್ಲೂ ಪ್ರತಿ ಪಟ್ಟಿಯ ಅಡಿ ಎರಡು ಬೆರಳು. ಮೊದಲ ಪಾಠ ಬೀದಿಯಲ್ಲಲ್ಲ, ಕಾಂಪೌಂಡಿನೊಳಗೆ. ಆರು ಅಡಿಯ ಸಾದಾ ಹಗ್ಗ. ಭೀಮ ಎಳೆದ, ದೊಡ್ಡಪ್ಪ ನಿಂತರು. ಹಿಂದಕ್ಕೆ ಜಗ್ಗಲಿಲ್ಲ, ಗದರಲಿಲ್ಲ, ಸುಮ್ಮನೆ ನಿಂತರು. ಭೀಮ ಇನ್ನೂ ಎಳೆದ, ಆಚೆ ಈಚೆ ನೋಡಿದ, ಕೊನೆಗೆ ಇವರು ಯಾಕೆ ಬರುತ್ತಿಲ್ಲ ಎಂದು ಹಿಂತಿರುಗಿದ. ಹಿಂತಿರುಗಿದಾಗ ಹಗ್ಗ ನೆಲದ ಕಡೆಗೆ ಬಾಗಿತು. "ಭಲೇ!" ಎಂದು ಕೂಡಲೇ ಚಪಾತಿಯ ಚೂರು. ಮತ್ತೆ ನಡಿಗೆ. ಗೇಟಿನವರೆಗೆ ಹೋಗುವುದಕ್ಕೇ ಆ ಬೆಳಗೆಲ್ಲ ಬೇಕಾಯಿತು. ಚಪಾತಿ ಬೇಡವಾದರೆ ಬೇಯಿಸಿದ ಕೋಳಿಯ ಚೂರಾಗುತ್ತದೆ. ನಮ್ಮೂರಿನವರ ಕೈಯಲ್ಲಿ ಮಂಡಕ್ಕಿ ಇದ್ದೇ ಇರುತ್ತದೆ, ಒಗ್ಗರಣೆ ಇಲ್ಲದ ಬರೀ ಮಂಡಕ್ಕಿಯ ನಾಲ್ಕು ಕಾಳೂ ನಡೆಯುತ್ತದೆ. ಆದರೆ ಖಾರ ಮಂಡಕ್ಕಿ ಕೊಡಬಾರದು. ಅದರಲ್ಲಿರುವ ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಬಗೆಯ ನಾಯಿ ಉಳಿಯುತ್ತದೆ. ಬೆಳಗಿನಿಂದ ರಾತ್ರಿಯವರೆಗೆ ಮೆಟ್ಟಿಲ ಕೆಳಗೆ ಮೂರಡಿ ಸರಪಳಿಯಲ್ಲಿ ಇರುವ ನಾಯಿ. ಅದಕ್ಕೆ ಸಡಿಲ ಎಂಬುದೇ ಗೊತ್ತಿಲ್ಲ. ಅದನ್ನು ಸಂಜೆ ಹೊರಗೆ ತಂದಾಗ ಎಳೆಯದೆ ಇನ್ನೇನು ಮಾಡುತ್ತದೆ? ಯಾವ ತರಬೇತಿ ಬೆಲ್ಟೂ ಈ ನಾಯಿಗೆ ಮದ್ದಲ್ಲ, ಮೊದಲು ಆ ಸರಪಳಿ ಹೋಗಬೇಕು. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ವಿಪರೀತ ಹೊತ್ತು ಕಟ್ಟಿಹಾಕುವುದು ಕ್ರೌರ್ಯ. ಸದಾ ಕಟ್ಟಿಹಾಕಿದ ನಾಯಿಗೆ ವ್ಯಾಯಾಮ ಕೊಡದಿರುವುದೂ ಕ್ರೌರ್ಯ. ಮೊದಲ ತಪ್ಪಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ. ಇಂದಿಗೂ ಕಾಯ್ದೆಯಲ್ಲಿ ಅಷ್ಟೇ ಇದೆ. ಆ ದಂಡವನ್ನು ನಂಬಿ ಕೂರುವುದು ಸಾಧ್ಯವಿಲ್ಲ, ಪಕ್ಕದ ಮನೆಯವರು ಗೇಟು ತಟ್ಟಿ ಮಾತನಾಡಬೇಕಾಗುತ್ತದೆ.

ಬೇಸಿಗೆಯ ಬಗ್ಗೆ ಎರಡು ಮಾತು. ಏಪ್ರಿಲ್ ಬಂದರೆ ನಮ್ಮ ಕಡೆ ಬಿಸಿಲು ನಲವತ್ತರ ಹತ್ತಿರಕ್ಕೆ ಬರುತ್ತದೆ. ನಾಯಿ ಮೈಯ ಬಿಸಿಯನ್ನು ಕಳೆದುಕೊಳ್ಳುವುದು ಬಾಯಿ ತೆರೆದು ಏದುಸಿರು ಬಿಟ್ಟು. ಬಾಯಿ ಬಿಗಿಯುವ ನೈಲಾನ್ ಮುಖಪಟ್ಟಿಯನ್ನು ಆಗ ಹಾಕಿ ನಡೆಸಿದರೆ ಪ್ರಾಣಕ್ಕೇ ಕುತ್ತು. ಸ್ನಾನದ ಮೇಲೆ ಒದ್ದೆ ಬೆಲ್ಟನ್ನು ಹಾಗೇ ಬಿಟ್ಟರೆ ಅದರಡಿ ಚರ್ಮ ಹುಣ್ಣಾಗುತ್ತದೆ, ಉಣ್ಣಿಗಳು ಅಡಗಿ ಕೂರುವುದೂ ಅಲ್ಲೇ. ರಾತ್ರಿ ಮನೆಯೊಳಗೆ ಮಲಗುವ ನಾಯಿಗೆ ಬೆಲ್ಟು ಬಿಚ್ಚಿಡಿ. ಹೊರಗೆ ಹೋಗುವಾಗ ಮಾತ್ರ ಮೊಬೈಲ್ ಸಂಖ್ಯೆ ಕೊರೆಸಿದ ಬಿಲ್ಲೆ ಇರುವ ಸಾದಾ ಬೆಲ್ಟು ಕೊರಳಲ್ಲಿರಲಿ, ಹಗ್ಗ ಹಾರ್ನೆಸ್‌ಗೆ ಇರಲಿ.

ಭೀಮ ಈಗ ದೊಡ್ಡಪ್ಪನ ಜೊತೆ ಕೆರೆಯ ಏರಿಗೆ ಬರುತ್ತಾನೆ. ಸೈಕಲ್ಲು, ಆಟೋ, ಬೇರೆ ನಾಯಿಗಳನ್ನು ಕಂಡರೆ ಒಮ್ಮೆ ತಿರುಗಿ ಇವರ ಮುಖ ನೋಡುತ್ತಾನೆ. ಹಂದಿ ಕಂಡರೆ ಮಾತ್ರ ಇನ್ನೂ ಎಳೆಯುತ್ತಾನೆ. ಅದಕ್ಕೆ ಹಂದಿಗಳು ಇರುವ ಖಾಲಿ ನಿವೇಶನದಿಂದ ಸಾಕಷ್ಟು ದೂರದಲ್ಲಿ, ಅವನು ಅವನ್ನು ನೋಡಿಯೂ ಚಪಾತಿ ತಿನ್ನಬಲ್ಲಷ್ಟು ದೂರದಲ್ಲಿ ನಿಂತು ಅಭ್ಯಾಸ ಮಾಡಿಸುತ್ತಿದ್ದೇವೆ. ಹಗ್ಗ ಬಾಗಿದ ದಿನ ಒಂದೆರಡು ಹೆಜ್ಜೆ ಮುಂದೆ ಹೋಗುತ್ತೇವೆ, ಬಿಗಿದರೆ ಹಿಂದಕ್ಕೆ ಬರುತ್ತೇವೆ.